ಆಸ್ಟ್ರಿಯನ್ನರು ‘ನಾವು ಜರ್ಮನ್ನರಲ್ಲ’ ಎನ್ನತೊಡಗಿದ್ದು ಯಾವಾಗಿನಿಂದ?

ಪ್ರಶ್ನೆ: ಮಲೆನಾಡಿಗ

ಯುರೋಪಿನ ಇತಿಹಾಸವನ್ನು ಓದುವಾಗ ಒಂದು ಸಂಗತಿ ನನಗೆ ಬಗೆಹರಿಯದೆ ಉಳಿದಿದೆ. 1918ರ ನವೆಂಬರ್ 12ರಂದು ವಿಯೆನ್ನಾದಲ್ಲಿ ಗಣರಾಜ್ಯ ಘೋಷಣೆಯಾದಾಗ ಅದರ ಹೆಸರೇ ‘ಜರ್ಮನ್-ಆಸ್ಟ್ರಿಯಾ’ ಎಂದಿತ್ತು; ತಾನು ಜರ್ಮನ್ ಗಣರಾಜ್ಯದ ಒಂದು ಭಾಗವೆಂದೇ ಅದು ತನ್ನ ಶಾಸನದಲ್ಲಿ ಬರೆದುಕೊಂಡಿತ್ತು. ಇಂದು ಅದೇ ದೇಶದವರನ್ನು ಜರ್ಮನ್ನರೆಂದು ಕರೆದರೆ ಅವರು ಮುಖ ಗಂಟಿಕ್ಕಿಕೊಳ್ಳುತ್ತಾರಂತೆ. ಭಾಷೆ ಒಂದೇ, ಗಡಿಯಾಚೆಯ ಬವೇರಿಯಾದಂತೆಯೇ ಇಲ್ಲಿಯೂ ಕ್ಯಾಥೊಲಿಕ್ ಸಂಪ್ರದಾಯ, ಆಡುಮಾತಿನಲ್ಲಿಯೂ ಹೆಚ್ಚಿನ ಅಂತರವಿಲ್ಲ. ಹಾಗಾದರೆ ಈ ಪ್ರತ್ಯೇಕತೆ ನಿಜವಾಗಿಯೂ ಹಳೆಯದೇ, ಅಥವಾ ಹಿಟ್ಲರನ ಕಾಲದ ಹೊಣೆಯಿಂದ ನುಣುಚಿಕೊಳ್ಳಲು 1945ರ ನಂತರ ಅವಸರದಲ್ಲಿ ಹೊಲಿಸಿಕೊಂಡ ಅಂಗಿಯೇ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ಚರಿತ್ರೆಯ ಮೇಷ್ಟ್ರು

ಅಲ್ಲಿ ರಾಜ್ಯ ಹಳೆಯದು, ರಾಷ್ಟ್ರಭಾವನೆ ಹೊಸದು. ಇವೆರಡನ್ನೂ ಬೇರ್ಪಡಿಸಿ ನೋಡದಿದ್ದರೆ ಗೊಂದಲ ತಪ್ಪುವುದಿಲ್ಲ. ಆಸ್ಟ್ರಿಯಾವನ್ನಾಳಿದ ಹ್ಯಾಬ್ಸ್‌ಬರ್ಗ್ ಅರಸರು ಶತಮಾನಗಳ ಕಾಲ ಜರ್ಮನ್ ಪ್ರಾಂತ್ಯಗಳನ್ನೊಳಗೊಂಡ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಗಳಾಗಿದ್ದರೂ ಅವರ ಆಳ್ವಿಕೆಯ ನೆಲದಲ್ಲಿ ಹಂಗೇರಿಯನ್ನರು, ಚೆಕ್ಕರು, ಪೋಲರು, ಕ್ರೊಯೇಷಿಯನ್ನರು, ಇಟಾಲಿಯನ್ನರು ಎಲ್ಲರೂ ಇದ್ದರು. ಆದ್ದರಿಂದಲೇ 1848ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸೇರಿದ ಸಂಸತ್ತು ಒಗ್ಗೂಡಿದ ಜರ್ಮನಿಯಲ್ಲಿ ಆಸ್ಟ್ರಿಯಾ ಇರಬೇಕೇ ಬೇಡವೇ ಎಂಬ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿತು. ಇದನ್ನು ತೀರ್ಮಾನಿಸಿದ್ದು ಚರ್ಚೆಯಲ್ಲ, ಯುದ್ಧ. 1866ರ ಜುಲೈ 3ರಂದು ಬೊಹೀಮಿಯಾದ ಕೋನಿಗ್‌ಗ್ರೇಟ್ಸ್‌ನಲ್ಲಿ ಉತ್ತರದ ಜರ್ಮನ್ ರಾಜ್ಯವಾದ ಪ್ರಷ್ಯಾ ಆಸ್ಟ್ರಿಯಾವನ್ನು ಸೋಲಿಸಿತು, 1871ರಲ್ಲಿ ಪ್ರಷ್ಯಾದ ಪ್ರಧಾನಿ ಬಿಸ್ಮಾರ್ಕ್ ಕಟ್ಟಿದ ಜರ್ಮನ್ ಸಾಮ್ರಾಜ್ಯ ಆಸ್ಟ್ರಿಯಾವನ್ನು ಹೊರಗಿಟ್ಟಿತು. ಅಂದರೆ ಅವರು ಜರ್ಮನಿಯನ್ನು ಬಿಟ್ಟು ಹೋದವರಲ್ಲ, ಅದರಿಂದ ಹೊರಗಿಡಲ್ಪಟ್ಟವರು.

1918ರಲ್ಲಿ ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯ ಚೂರಾದ ಮೇಲೆ ಉಳಿದ ತುಂಡು ತನ್ನ ಕಾಲ ಮೇಲೆ ನಿಲ್ಲಬಲ್ಲದೆಂದು ನಂಬಿದವರು ವಿರಳ. ವಿದೇಶಾಂಗ ಸಚಿವರಾಗಿದ್ದ ಸಮಾಜವಾದಿ ಒಟ್ಟೊ ಬಾವರ್ ಅವರೇ ಜರ್ಮನಿಯೊಡನೆ ವಿಲೀನಕ್ಕಾಗಿ ದುಡಿದವರು. ಮೊದಲ ಮಹಾಯುದ್ಧ ಗೆದ್ದ ದೇಶಗಳು ಹೇರಿದ 1919ರ ಸೇಂಟ್ ಜರ್ಮೈನ್ ಒಪ್ಪಂದ ಅದಕ್ಕೆ ತಡೆಯೊಡ್ಡಿ, ದೇಶದ ಹೆಸರಿನಿಂದ ‘ಜರ್ಮನ್’ ಎಂಬುದನ್ನೂ ತೆಗೆಸಿತು. ಆದರೂ 1921ರಲ್ಲಿ ಟಿರೋಲ್ ಮತ್ತು ಸಾಲ್ಸ್‌ಬರ್ಗ್ ಪ್ರಾಂತ್ಯಗಳು ತಾವಾಗಿಯೇ ಜನಮತ ನಡೆಸಿದಾಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ವಿಲೀನವನ್ನೇ ಬಯಸಿದರು. (ಪಶ್ಚಿಮದಂಚಿನ ಫೋರಾರ್ಲ್‌ಬರ್ಗ್ 1919ರಲ್ಲಿ ಸ್ವಿಟ್ಜರ್ಲೆಂಡ್ ಸೇರಲು ಮತ ಹಾಕಿತ್ತು, ಆಸ್ಟ್ರಿಯಾದಲ್ಲಿ ಉಳಿಯುವ ಉತ್ಸಾಹ ಅಲ್ಲಿಯೂ ಕಾಣಲಿಲ್ಲ.) ನಾತ್ಸಿಗಳನ್ನು ವಿರೋಧಿಸಿ 1934ರಲ್ಲಿ ಅವರಿಂದಲೇ ಹತರಾದ ಚಾನ್ಸಲರ್ ಡೋಲ್‌ಫುಸ್ ಅವರ ಆಡಳಿತವೂ ಆಸ್ಟ್ರಿಯನ್ನರನ್ನು ಜರ್ಮನ್ನರಲ್ಲವೆಂದು ಹೇಳಲಿಲ್ಲ, ಇನ್ನೂ ಉತ್ತಮ ಜರ್ಮನ್ನರೆಂದು ಹೇಳಿತು. ಆಸ್ಟ್ರಿಯನ್ನರದು ಬೇರೆಯೇ ರಾಷ್ಟ್ರವೆಂದು ಆ ದಶಕದಲ್ಲಿ ಸಿದ್ಧಾಂತವಾಗಿ ವಾದಿಸಿದವರಲ್ಲಿ ಮುಖ್ಯರು 1937ರಲ್ಲಿ ಬರೆದ ಕಮ್ಯುನಿಸ್ಟ್ ಚಿಂತಕ ಆಲ್ಫ್ರೆಡ್ ಕ್ಲಾರ್.

ಉತ್ತರ 2: ಡ್ಯಾನ್ಯೂಬ್ ತೀರ

ಮೇಷ್ಟ್ರು ಹೇಳಿದ್ದಕ್ಕೆ ಮುಂದಿನ ಭಾಗವನ್ನು ಸೇರಿಸುತ್ತೇನೆ. ಮಲೆನಾಡಿಗರ ಅನುಮಾನದಲ್ಲಿ ಅರ್ಧ ಸತ್ಯವಿದೆ. 1943ರ ಮಾಸ್ಕೋ ಘೋಷಣೆಯಲ್ಲಿ ಮಿತ್ರರಾಷ್ಟ್ರಗಳು ಆಸ್ಟ್ರಿಯಾವನ್ನು ಹಿಟ್ಲರನ ಆಕ್ರಮಣಕ್ಕೆ ತುತ್ತಾದ ಮೊದಲ ಸ್ವತಂತ್ರ ದೇಶವೆಂದು ಕರೆದವು. ಯುದ್ಧದಲ್ಲಿ ಭಾಗಿಯಾದ ಹೊಣೆಯೂ ಅದಕ್ಕಿದೆಯೆಂದು ಅದೇ ಘೋಷಣೆ ಹೇಳಿತ್ತು. ವಿಯೆನ್ನಾದ ರಾಜಕಾರಣಿಗಳು ಮೊದಲ ಮಾತನ್ನು ಬಾಯಿಪಾಠ ಮಾಡಿಕೊಂಡು ಎರಡನೆಯದನ್ನು ದಶಕಗಳ ಕಾಲ ಮರೆತರು. 1986ರಲ್ಲಿ ಕುರ್ಟ್ ವಾಲ್ಡ್‌ಹೈಮ್ ಅಧ್ಯಕ್ಷ ಚುನಾವಣೆಗೆ ನಿಂತಾಗ ಯುದ್ಧಕಾಲದಲ್ಲಿ ಜರ್ಮನ್ ಸೇನೆಯಲ್ಲಿ ಅವರು ಸಲ್ಲಿಸಿದ್ದ ಸೇವೆಯ ವಿವರಗಳು ಹೊರಬಿದ್ದು ಆ ಮರೆವಿಗೆ ಪೆಟ್ಟು ಬಿತ್ತು, 1991ರಲ್ಲಿ ಚಾನ್ಸಲರ್ ಫ್ರಾನಿಟ್ಸ್ಕಿ ಸಂಸತ್ತಿನಲ್ಲಿಯೇ ಆಸ್ಟ್ರಿಯನ್ನರ ಪಾಲಿನ ಹೊಣೆಯನ್ನು ಒಪ್ಪಿಕೊಂಡರು.

ಆದರೆ ಉಳಿದ ಅರ್ಧವನ್ನು ಬಿಡಬಾರದು. 1938ರ ಮಾರ್ಚ್ 12ರಂದು ಬಂದ ಹಿಟ್ಲರನ ಸೇನೆಯನ್ನು ಹೂವೆಸೆದು ಸ್ವಾಗತಿಸಿದವರಿಗೆ ತಮ್ಮ ದೇಶ ಮೊದಲು ‘ಓಸ್ಟ್‌ಮಾರ್ಕ್’ ಆಗಿ, ಬಳಿಕ ಆ ಹೆಸರೂ ಇಲ್ಲದೆ ಬರ್ಲಿನ್ನಿನ ಅಧೀನದ ಜಿಲ್ಲೆಗಳಾಗಿ ಕರಗಿದ್ದನ್ನು ಕಾಣಬೇಕಾಯಿತು. ಆಮೇಲೆ ಚಾನ್ಸಲರ್ ಆದ ಲಿಯೊಪೋಲ್ಡ್ ಫಿಗ್ಲ್, ಶಿಕ್ಷಣ ಸಚಿವರಾದ ಫೆಲಿಕ್ಸ್ ಹುರ್ಡೆಸ್ ಇಬ್ಬರೂ ನಾತ್ಸಿಗಳ ಡಾಖಾವ್ ಶಿಬಿರದಲ್ಲಿ ಸೆರೆಯಿದ್ದವರು. ಇದೇ ಹುರ್ಡೆಸ್ ಅವರ ಕಾಲದಲ್ಲಿ ಶಾಲೆಯ ಅಂಕಪಟ್ಟಿಗಳಲ್ಲಿ ‘ಜರ್ಮನ್’ ಎಂಬ ವಿಷಯ ‘ಬೋಧನಾ ಭಾಷೆ’ ಎಂದಾಯಿತು, ಅದನ್ನು ಅವರ ಹೆಸರು ಸೇರಿಸಿ ಗೇಲಿ ಮಾಡಿದವರೂ ಕಡಿಮೆಯಿರಲಿಲ್ಲ.

ರಾಷ್ಟ್ರಗೀತೆಯ ಕಥೆ ಇನ್ನೂ ಸ್ವಾರಸ್ಯಕರ. ಇಂದು ಜರ್ಮನಿ ಹಾಡುವ ರಾಗವನ್ನು 1797ರಲ್ಲಿ ಹೈಡನ್ ರಚಿಸಿದ್ದು ವಿಯೆನ್ನಾದ ಚಕ್ರವರ್ತಿ ಫ್ರಾನ್ಸಿಸ್‌ಗಾಗಿ. ನಾತ್ಸಿಗಳು ಅದನ್ನು ಹಾಡಿ ಹಾಡಿ ಕೆಡಿಸಿದ್ದರಿಂದ ತಮ್ಮದೇ ರಾಗವನ್ನು ಬಿಟ್ಟುಕೊಟ್ಟ ಆಸ್ಟ್ರಿಯಾ 1946ರಲ್ಲಿ ಸ್ಪರ್ಧೆ ಏರ್ಪಡಿಸಿ, ಮೊಜಾರ್ಟನದೆಂದು ಆಗ ನಂಬಲಾಗಿದ್ದ ಬೇರೆ ರಾಗವನ್ನು ಆರಿಸಿಕೊಂಡಿತು. ಅದಕ್ಕೆ ಸಾಹಿತ್ಯ ಬರೆದ ಪೌಲಾ ಫಾನ್ ಪ್ರೆರಾಡೊವಿಚ್ ಒಬ್ಬ ಕ್ರೊಯೇಷಿಯನ್ ಕವಿಯ ಮೊಮ್ಮಗಳು.

ಮರುಪ್ರಶ್ನೆ: ಮಲೆನಾಡಿಗ

ಇಬ್ಬರಿಗೂ ವಂದನೆಗಳು. ಸರ್ಕಾರ ಹೆಸರು ಬದಲಿಸಿದ ಮಾತ್ರಕ್ಕೆ ಜನರ ಮನಸ್ಸು ಬದಲಾಗುವುದೇ? ಸಾಮಾನ್ಯರು ಇದನ್ನು ಒಪ್ಪಿದ್ದು ಯಾವಾಗ?

ಉತ್ತರ 3: ಗ್ರಾಝ್ ವಾಸಿ

ಒಂದೇ ತಲೆಮಾರಿನಲ್ಲಿ ಅಲ್ಲ. 1950ರ ದಶಕದ ಸಮೀಕ್ಷೆಗಳಲ್ಲಿ ಅಭಿಪ್ರಾಯ ಹೆಚ್ಚುಕಡಿಮೆ ಎರಡು ಸಮಪಾಲಾಗಿತ್ತು. 1990ರ ದಶಕದ ಹೊತ್ತಿಗೆ ಐವರಲ್ಲಿ ನಾಲ್ವರಷ್ಟು ಮಂದಿ ತಮ್ಮದು ಪ್ರತ್ಯೇಕ ರಾಷ್ಟ್ರವೆಂದು ಹೇಳುತ್ತಿದ್ದರು. ನನ್ನ ಅಭಿಪ್ರಾಯದಲ್ಲಿ ಈ ಬದಲಾವಣೆಗೆ ಭಾಷಣಗಳಿಗಿಂತ ಹೆಚ್ಚಾಗಿ ಕಾರಣವಾದದ್ದು ಬಾಳುವೆ ಹಸನಾದದ್ದು. 1955ರ ಮೇ 15ರ ಒಪ್ಪಂದದಿಂದ ಯುದ್ಧಾನಂತರ ಅಲ್ಲಿ ಬೀಡುಬಿಟ್ಟಿದ್ದ ನಾಲ್ಕು ಮಿತ್ರರಾಷ್ಟ್ರಗಳ ಸೇನೆಗಳು ಹೊರಟವು, ಅದೇ ಅಕ್ಟೋಬರ್ 26ರಂದು ಶಾಶ್ವತ ತಟಸ್ಥ ನೀತಿ ಕಾಯ್ದೆಯಾಯಿತು. ಪಶ್ಚಿಮ ಜರ್ಮನಿ ನ್ಯಾಟೋ ಸೇರಿದ ವರ್ಷವೇ ಆಸ್ಟ್ರಿಯಾ ಯಾವ ಬಣಕ್ಕೂ ಸೇರದೆ ನಿಂತು, ಚಿಕ್ಕದಾಗಿಯೂ ಚೆನ್ನಾಗಿ ಬದುಕಬಹುದೆಂದು ತನಗೆ ತಾನೇ ತೋರಿಸಿಕೊಂಡಿತು. ಆ ಅಕ್ಟೋಬರ್ 26ರ ದಿನವೇ ಈಗಿನ ರಾಷ್ಟ್ರೀಯ ಹಬ್ಬ.

ದಿನನಿತ್ಯದಲ್ಲಿ ಈ ವ್ಯತ್ಯಾಸ ದ್ವೇಷವಾಗಿ ಕಾಣಿಸುವುದಿಲ್ಲ, ತಮಾಷೆಯಾಗಿ ಕಾಣಿಸುತ್ತದೆ. 1978ರ ಫುಟ್ಬಾಲ್ ವಿಶ್ವಕಪ್ಪಿನಲ್ಲಿ ಅರ್ಜೆಂಟೀನಾದ ಕೊರ್ಡೋಬಾದಲ್ಲಿ ಹಾಲಿ ಚಾಂಪಿಯನ್ ಪಶ್ಚಿಮ ಜರ್ಮನಿಯನ್ನು 3-2ರಿಂದ ಸೋಲಿಸಿದ್ದನ್ನು, ಆಗ ಹುಟ್ಟಿರದವರೂ ಇಲ್ಲಿ ಕಣ್ಣಾರೆ ಕಂಡಂತೆ ಹೇಳುತ್ತಾರೆ. ಆಸ್ಟ್ರಿಯಾ ಅಷ್ಟರಲ್ಲಾಗಲೇ ಟೂರ್ನಿಯಿಂದ ಹೊರಬಿದ್ದಿತ್ತೆಂಬುದನ್ನು ಯಾರೂ ಎತ್ತುವುದಿಲ್ಲ. 1995ರಲ್ಲಿ ಯುರೋಪಿಯನ್ ಒಕ್ಕೂಟ ಸೇರುವಾಗ ಟೊಮೆಟೊ, ಆಲೂಗಡ್ಡೆ ಮೊದಲಾದ 23 ಆಹಾರ ಪದಾರ್ಥಗಳ ಸ್ಥಳೀಯ ಹೆಸರುಗಳಿಗೆ ಒಪ್ಪಂದದಲ್ಲಿಯೇ ಮಾನ್ಯತೆ ಪಡೆದುಕೊಂಡರು. ಇಷ್ಟಾಗಿಯೂ ಇಲ್ಲಿ ನೆಲೆಸಿರುವ ವಿದೇಶಿ ಪ್ರಜೆಗಳಲ್ಲಿ ಅತಿ ದೊಡ್ಡ ಗುಂಪು ಜರ್ಮನ್ನರದೇ, ಅದರಿಂದ ಯಾರಿಗೂ ತೊಂದರೆಯಿಲ್ಲ.

ತೊಡಕಿದ್ದುದು ದಕ್ಷಿಣದ ಕ್ಯಾರಿಂಥಿಯಾ ಪ್ರಾಂತ್ಯದಲ್ಲಿ. ಅಲ್ಲಿ ‘ಜರ್ಮನ್’ ಎಂಬುದು ನೆರೆದೇಶದ ಪ್ರಶ್ನೆಯಾಗಿರದೆ ಸ್ಲೊವೀನ್ ನುಡಿಯವರ ಎದುರಿನ ಹೆಗ್ಗಳಿಕೆಯಾಗಿತ್ತು. 1972ರಲ್ಲಿ ಎರಡು ಭಾಷೆಗಳ ಊರಿನ ಫಲಕಗಳನ್ನು ಗುಂಪುಗಳು ಕಿತ್ತೆಸೆದವು, ಆ ವಿವಾದ ಇತ್ಯರ್ಥವಾದದ್ದು 2011ರಲ್ಲಿ. ಆ ಪ್ರಾಂತ್ಯದಲ್ಲಿ ರಾಜಕೀಯವಾಗಿ ಬೆಳೆದ, ಬಲಪಂಥೀಯ ಫ್ರೀಡಂ ಪಕ್ಷದ ನಾಯಕ ಯೋರ್ಗ್ ಹೈಡರ್ 1988ರಲ್ಲಿ ದೂರದರ್ಶನದಲ್ಲಿಯೇ ಆಸ್ಟ್ರಿಯನ್ ರಾಷ್ಟ್ರವೆಂಬುದನ್ನು ಸೈದ್ಧಾಂತಿಕ ವಿಕೃತ ಶಿಶುವೆಂದು ಹಳಿದರು. ಐದು ವರ್ಷಗಳ ತರುವಾಯ, 1993ರಲ್ಲಿ, ವಲಸಿಗರ ವಿರುದ್ಧ ಅವರ ಪಕ್ಷವೇ ಸಹಿ ಸಂಗ್ರಹ ನಡೆಸಿದಾಗ ಅದಕ್ಕಿಟ್ಟ ಹೆಸರು ‘ಆಸ್ಟ್ರಿಯಾ ಮೊದಲು’.