ವಾರಕ್ಕೊಂದು ಪುಸ್ತಕ, ವಾರಕ್ಕೊಂದು ವಿಮರ್ಶೆ: 52 ವಾರ ಆಯ್ತು, ಮುಂದುವರಿಸ್ಲಾ ಬೇಡ್ವಾ?

ಮಡಚಿದ ಪುಟ:
ವಾರಕ್ಕೊಂದು ಪುಸ್ತಕ ಓದೋದು, ಭಾನುವಾರ ರಾತ್ರಿ ಒಳಗೆ ಅದರ ಬಗ್ಗೆ ಬರೆದು ಹಾಕೋದು ಅಂತ ಒಂದು ವರ್ಷದ ಹಿಂದೆ ಶುರು ಮಾಡಿದ್ದೆ, ಒಂದು ವಾರಾನೂ ತಪ್ಪಿಸಿಲ್ಲ, ಹೋದ ವಾರಕ್ಕೆ 52 ಮುಗೀತು. ಖುಷಿ ಆಗ್ಬೇಕಿತ್ತು, ಆಯ್ತು ಕೂಡ. ಆದ್ರೆ ನಿನ್ನೆ ಪಟ್ಟಿ ತೆಗೆದು ನೋಡ್ತಾ ಹೋದ್ರೆ 19 ಪುಸ್ತಕದಲ್ಲಿ ಏನಿತ್ತು ಅಂತಾನೇ ನೆನಪಾಗ್ತಿಲ್ಲ. 17ನೇ ವಾರದ್ದಂತೂ ಹಸಿರು ಮುಖಪುಟ ಇತ್ತು ಅನ್ನೋದು ಬಿಟ್ರೆ ತಲೇಲಿ ಏನೂ ಉಳಿದಿಲ್ಲ, ಅದಕ್ಕೆ ನಾನೇ "ಎಲ್ಲರೂ ಓದಲೇಬೇಕಾದ ಕೃತಿ" ಅಂತ ಬರೆದಿದೀನಿ! ಈ ಥರ ಮಾಡಿದವ್ರು ಯಾರಾದ್ರೂ ಇದ್ರೆ ಹೇಳಿ, ಇನ್ನೊಂದು ವರ್ಷ ಮಾಡೋದ್ರಲ್ಲಿ ಅರ್ಥ ಇದ್ಯಾ?

ನಿಧಾನಸ್ಥ:
ಇಲ್ಲ. ಇದು ಓದಲ್ಲ ಮೇಡಂ, ಹಾಜರಿ. ಶನಿವಾರ ಬಂತು ಇನ್ನೂ 120 ಪುಟ ಇದೆ ಅಂದ್ರೆ ಕಣ್ಣು ಓಡತ್ತೆ, ಮನಸ್ಸು ಭಾನುವಾರದ ಪೋಸ್ಟ್ ಬರೀತಿರತ್ತೆ. ನಾನು ಕಳೆದ ವರ್ಷ ಓದಿದ್ದು 6 ಪುಸ್ತಕ, ಆರರಲ್ಲಿ ಯಾವುದರ ಬಗ್ಗೆ ಕೇಳಿದ್ರೂ ಈಗ್ಲೇ ಕೂತು ಮಾತಾಡ್ತೀನಿ.

ಲೆಕ್ಕದ ಮೇಷ್ಟ್ರು:
ಟೈಮ್ ಸಾಲಲ್ಲ ಅನ್ನೋದನ್ನ ನಾನು ಒಪ್ಪಲ್ಲ. 300 ಪುಟದ ಕಾದಂಬರಿ, ಪುಟಕ್ಕೆ ಒಂದೂವರೆ ನಿಮಿಷ ಹಿಡೀರಿ, ಏಳೂವರೆ ಗಂಟೆ ಆಯ್ತು. ದಿನಕ್ಕೆ 43 ಪುಟ, ಒಂದು ಗಂಟೆ ಚಿಲ್ಲರೆ. ಬರೆಯೋಕೆ ಎರಡು ಗಂಟೆ ಸೇರಿಸಿದ್ರೂ ವಾರಕ್ಕೆ ಹತ್ತು ಗಂಟೆ ದಾಟಲ್ಲ, ಅಷ್ಟು ಹೊತ್ತು ಎಲ್ರೂ ಫೋನಲ್ಲಿ ಕಳೀತೀವಿ. ತೊಂದರೆ ಇರೋದು ಬೇರೆ ಕಡೆ. ಈ ಲೆಕ್ಕ ಸರಾಗ ಓದಿಸ್ಕೊಂಡು ಹೋಗೋ ಕಾದಂಬರಿಗೆ ಮಾತ್ರ. ಹಳಗನ್ನಡ ಕಾವ್ಯ ಹಿಡ್ಕೊಂಡು ಕೂತ್ರೆ ಟಿಪ್ಪಣಿ, ನಿಘಂಟು ಎಲ್ಲ ನೋಡಿ ಒಂದು ಪದ್ಯಕ್ಕೇ ಅರ್ಧ ಗಂಟೆ ಹೋಗತ್ತೆ. ಅಂದ್ರೆ ಏನು ಓದ್ಬೇಕು ಅಂತ ನೀವು ಆರಿಸ್ತಿಲ್ಲ, ವಾರ ಆರಿಸ್ತಿದೆ. 20ನೇ ವಾರದ ಮೇಲೆ ನಿಮ್ಮ ಪುಸ್ತಕಗಳು ತೆಳ್ಳಗಾಗಿಲ್ಲ ಅಂತ ಎದೆ ಮುಟ್ಕೊಂಡು ಹೇಳಿ ನೋಡೋಣ.

ಮಡಚಿದ ಪುಟ:
ಸಿಕ್ಕಿಹಾಕ್ಕೊಂಡೆ 😀 ಕಪಾಟಲ್ಲಿ 700 ಪುಟದ್ದೊಂದಿದೆ, ವರ್ಷವಿಡೀ ಅದನ್ನ ಧೂಳು ಒರೆಸೋಕೆ ಮಾತ್ರ ಮುಟ್ಟಿದ್ದು. 23ನೇ ವಾರ 64 ಪುಟದ ಕವನ ಸಂಕಲನ.

ರಾತ್ರಿ ಓದು:
ಎಲ್ರೂ ಯಾಕೆ ಹಿಂಗೆ ಬೀಳ್ತಿದೀರಿ ಅವರ ಮೇಲೆ? ನಾನೂ ಎರಡು ವರ್ಷ ಮಾಡಿದೀನಿ. ಅದಕ್ಕೂ ಮುಂಚೆ "ಟೈಮ್ ಸಿಕ್ಕಾಗ ಓದ್ತೀನಿ" ಅಂದ್ಕೊಂಡು ವರ್ಷಕ್ಕೆ ಮೂರು ಓದಿದ್ರೆ ಹೆಚ್ಚು, ಟೈಮ್ ಯಾವತ್ತೂ ಸಿಕ್ಕಿರ್ಲಿಲ್ಲ. ಗಡುವು ಇದ್ದಿದ್ದಕ್ಕೇ ಕೂತೆ. ಮತ್ತೆ ಮರೆಯೋದು ಮನುಷ್ಯ ಸಹಜ ಅಲ್ವಾ, ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ಮನಃಶಾಸ್ತ್ರಜ್ಞ 1885ರಲ್ಲೇ ತೋರಿಸಿದಾನೆ, ಕಲಿತದ್ದರಲ್ಲಿ ದೊಡ್ಡ ಪಾಲು ಒಂದೇ ದಿನದಲ್ಲಿ ಜಾರಿ ಹೋಗತ್ತೆ ಅಂತ. 52ರಲ್ಲಿ 33 ನೆನಪಿದೆ ಅಂದ್ರೆ ನಿಧಾನಸ್ಥರ 6ಕ್ಕಿಂತ ಐದೂವರೆ ಪಟ್ಟು ಜಾಸ್ತಿ ಸ್ವಾಮಿ.

ನಿಧಾನಸ್ಥ:
ಆ ಎಬ್ಬಿಂಗ್‌ಹೌಸ್ ಉರು ಹೊಡೆದಿದ್ದು ಅರ್ಥವೇ ಇಲ್ಲದ ಅಕ್ಷರಗುಚ್ಛಗಳನ್ನ, ಅದೂ ತನ್ನ ಒಬ್ಬನ ಮೇಲೇ ಪ್ರಯೋಗ. ಕಾದಂಬರಿ ಅರ್ಥ ಇಲ್ಲದ ಅಕ್ಷರ ಅಲ್ವಲ್ಲ. ಒಂದು ಪಾತ್ರ ಹತ್ತು ದಿನ ತಲೇಲಿ ಓಡಾಡ್ಕೊಂಡಿರೋದಕ್ಕೆ ಬಿಡ್ದೇ ಸೋಮವಾರ ಬೆಳಿಗ್ಗೆ ಇನ್ನೊಂದು ಮನೆಯವ್ರನ್ನ ಕರ್ಕೊಂಡು ಬಂದ್ರೆ ಹೆಂಗೆ?

ಮಡಚಿದ ಪುಟ:
ಇದು ಮನಸ್ಸಿಗೆ ತಾಗ್ತು. ಒಂದು ವಿಷ್ಯ ಹೇಳ್ತೀನಿ, ನೆನಪಿರೋವನ್ನ ಬೇರೆ, ಮರೆತವನ್ನ ಬೇರೆ ಮಾಡಿ ನೋಡ್ದೆ. ನೆನಪಿರೋದು ಇಷ್ಟವಾದ ಪುಸ್ತಕಗಳಲ್ಲ, ಜಗಳ ಆಡಿದ ಪುಸ್ತಕಗಳು. 31ನೇ ವಾರದ್ದರಲ್ಲಿ ನಿರೂಪಕ ತನ್ನ ತಪ್ಪಿಗೆ ಊರನ್ನೆಲ್ಲ ದೂರ್ತಾನೆ, ಲೇಖಕರೂ ಅವನ ಪರ ನಿಂತಿದಾರೆ ಅನ್ನಿಸಿ ಸಿಟ್ಟು ಬಂದು ನಾಲ್ಕು ಪ್ಯಾರಾ ಬರೆದಿದ್ದೆ, ಅದರ ಒಂದೊಂದು ಅಧ್ಯಾಯಾನೂ ಈಗ್ಲೂ ಹೇಳ್ತೀನಿ. ಮರೆತವುಗಳ ಪೋಸ್ಟ್ ಓದಿದ್ರೆ, ಅಯ್ಯೋ, ಅರ್ಧ ಬೆನ್ನುಡಿ, ಅರ್ಧ ಮುನ್ನುಡಿ. ಪುಸ್ತಕ ಪಕ್ಕದಲ್ಲಿ ತೆರೆದಿಟ್ಕೊಂಡು ಬರೆದಿದ್ದು.

ಬಿಳಿ ಹಾಳೆ:
ಅಲ್ಲೇ ಇರೋದು ನೋಡಿ. 2006ರಲ್ಲಿ ರೋಡಿಗರ್, ಕಾರ್ಪಿಕಿ ಅಂತ ಇಬ್ಬರು ಮನಃಶಾಸ್ತ್ರಜ್ಞರು ಮಾಡಿದ ಪ್ರಯೋಗ ಇದೆ. ವಿದ್ಯಾರ್ಥಿಗಳಿಗೆ ಒಂದು ಪಾಠ ಓದೋಕೆ ಕೊಟ್ರು, ಆಮೇಲೆ ಕೆಲವರು ಅದನ್ನೇ ಮತ್ತೆ ಓದಿದ್ರು, ಕೆಲವರು ನೋಡದೆ ನೆನಪಿಂದ ಬರೆದ್ರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದ್ರೆ ಮತ್ತೆ ಓದಿದವ್ರೇ ಮುಂದೆ. ಆದ್ರೆ ಎರಡು ದಿನ, ಒಂದು ವಾರ ಬಿಟ್ಟು ಕೇಳಿದ್ರೆ ನೆನಪಿಂದ ಬರೆದವ್ರಿಗೆ ಜಾಸ್ತಿ ಉಳಿದಿತ್ತು. ಸೋ ಪುಸ್ತಕ ಮುಚ್ಚಿಟ್ಟು, ಒಂದು ರಾತ್ರಿ ಕಳೆದು, ತಲೇಲಿ ಇರೋದನ್ನಷ್ಟೇ ಬರೀರಿ, ಹೆಸರು, ಉಲ್ಲೇಖ ಆಮೇಲೆ ಪುಸ್ತಕ ತೆಗೆದು ಚೆಕ್ ಮಾಡ್ಕೊಳ್ಳಿ. ನಾನು ಹಂಗೇ ಮಾಡೋದು. ಮೊದಲ ಸಲ ಒಂದು ಪ್ಯಾರಾ ಬರೆಯೋಕೂ ಆಗ್ಲಿಲ್ಲ, ಎಂಥಾ ಅವಮಾನ!

ಕರಡು ತಿದ್ದುವವ:
ವರ್ಷಾನುಗಟ್ಟಲೆ ಕರಡು ತಿದ್ದಿದ ಕಣ್ಣು ನಂದು, ಸ್ವಲ್ಪ ಒರಟಾಗಿ ಹೇಳ್ತೀನಿ, ಬೇಜಾರಾಗ್ಬೇಡಿ. ನೀವು 52 ವಿಮರ್ಶೆ ಬರೆದಿಲ್ಲ ತಾಯಿ, ನೀವೇ ಹೇಳಿದ ಪ್ರಕಾರ ನೋಡಿದ್ರೆ ಹೆಚ್ಚಿನವು ಪುಸ್ತಕ ಪರಿಚಯ, ಆ ನಾಲ್ಕು ಪ್ಯಾರಾ ಮಾತ್ರ ವಿಮರ್ಶೆ. ಪರಿಚಯ ಕೀಳಲ್ಲ, ಅದೂ ಬೇಕು, ಆದ್ರೆ ಹೆಸರು ಸರಿಯಾಗಿ ಇಟ್ಕೊಳ್ಳಿ. ಇನ್ನೊಂದು ಪ್ರಶ್ನೆ, ಯಾರೂ ಕೇಳ್ತಿಲ್ಲ: 52ರಲ್ಲಿ ಲೇಖಕರೇ ಕಳಿಸಿದ ಗೌರವ ಪ್ರತಿ ಎಷ್ಟು?

ಮಡಚಿದ ಪುಟ:
...11. ಹನ್ನೊಂದಕ್ಕೂ ಒಳ್ಳೇದೇ ಬರೆದಿದೀನಿ. ಹಸಿರು ಮುಖಪುಟದ್ದೂ ಅದರಲ್ಲೇ ಒಂದು.

ರಾತ್ರಿ ಓದು:
ಅದಕ್ಕೇ ನಾನು ಪುಕ್ಕಟೆ ಪ್ರತಿ ತಗೊಳ್ಳೋದೇ ನಿಲ್ಲಿಸ್ದೆ. ಸ್ಟಾರ್ ಕೊಡೋದಂತೂ ಇನ್ನೂ ಕಷ್ಟ, ಪುಸ್ತಕಕ್ಕೆ ಸ್ಟಾರ್ ಕೊಡೋ ಗುಡ್‌ರೀಡ್ಸ್ ಸೈಟ್‌ನಲ್ಲಿ ಎರಡು ಸ್ಟಾರ್ ಅಂದ್ರೆ "ಪರವಾಗಿಲ್ಲ", ಮೂರು ಅಂದ್ರೆ "ಇಷ್ಟವಾಯ್ತು" ಅಂತಾನೇ ಅರ್ಥ. ಆದ್ರೆ ಮೂರು ಕೊಟ್ರೆ ಲೇಖಕರು ಫೋನ್ ಮಾಡಿ "ಏನಾದ್ರೂ ತಪ್ಪಾಯ್ತಾ" ಅಂತ ಕೇಳ್ತಾರೆ.

ಲೆಕ್ಕದ ಮೇಷ್ಟ್ರು:
ಎಣಿಕೆಯೇ ಗುರಿಯಾದ್ರೆ ಎಣಿಕೆ ಸುಳ್ಳು ಹೇಳೋಕೆ ಶುರು ಮಾಡತ್ತೆ. ಬರೆಯೋದನ್ನ ವಾರಕ್ಕೆ ಕಟ್ಟಿ, ಪುಸ್ತಕವನ್ನ ಕಟ್ಬೇಡಿ. ಆ 700 ಪುಟದ್ದು ಐದು ವಾರ ಹಿಡಿದ್ರೆ ಐದು ಭಾನುವಾರ ಅದರ ಬಗ್ಗೆನೇ ಬರೀರಿ, ಎಲ್ಲಿವರೆಗೆ ಬಂದೆ, ಎಲ್ಲಿ ಸಿಕ್ಕಿಹಾಕ್ಕೊಂಡೆ, ಹೋದ ವಾರ ಅಂದ್ಕೊಂಡಿದ್ದು ಎಲ್ಲಿ ತಪ್ಪಾಯ್ತು ಅಂತ.

ನಿಧಾನಸ್ಥ:
ಇದನ್ನ ಒಪ್ತೀನಿ, ಆಶ್ಚರ್ಯ ಆಗ್ತಿದೆ ನಂಗೇ. 64 ಪುಟದ ಕವನ ಸಂಕಲನಕ್ಕೂ ಐದು ವಾರ ಕೊಡಿ ಅಂತ ಸೇರಿಸ್ತೀನಿ ಅಷ್ಟೇ, ಅದನ್ನ ತೆಳ್ಳಗಿದೆ ಅಂತ ಲೆಕ್ಕ ತುಂಬಿಸೋಕೆ ಬಳಸಿದ್ದು ಈ ವರ್ಷದ ನಿಮ್ಮ ದೊಡ್ಡ ಅಪರಾಧ.

ರಾತ್ರಿ ಓದು:
ಹಂಗಾದ್ರೆ ಮುಗಿಸೋ ಒತ್ತಡ ಎಲ್ಲಿರತ್ತೆ? ನನ್ನಂಥ ಸೋಮಾರಿಗಳು ಐದು ವಾರ ಮೊದಲ ಅಧ್ಯಾಯದ ಬಗ್ಗೆನೇ ಬರೀತಾ ಕೂರ್ತೀವಿ. ನಂಗೆ 52 ಬೇಕು, ಸುಳ್ಳೋ ನಿಜಾನೋ.

ಮಡಚಿದ ಪುಟ:
700 ಪುಟದ್ದು ಮುಂದಿನ ವಾರದಿಂದ. ಅದಕ್ಕೆ ಮುಂಚೆ ಒಂದು ಸಾಲ ತೀರಿಸೋದಿದೆ ಅಂತ ಇವತ್ತು ಸಂಜೆ ಆ ಹಸಿರು ಮುಖಪುಟದ ಪುಸ್ತಕ ಮತ್ತೆ ತೆಗೆದೆ. ಮೂರು ಅಧ್ಯಾಯ ಆಯ್ತು. ಚೆನ್ನಾಗಿಲ್ಲ ರೀ.