ತೊಲೆಗಳು ನಿಜವಾಗಿ ಹಡಗಿನವೇ?

ಪ್ರಶ್ನೆ (ಇಂಗ್ಲೆಂಡಿನ ಕೆಂಟ್‌ನಿಂದ)
ಇಲ್ಲಿ ಹಳೆಯ ರೈತರ ಮನೆಯೊಂದರಲ್ಲಿ ಬಾಡಿಗೆಗಿದ್ದೇವೆ. ಪೂರ್ತಿ ಓಕ್ ಮರದ ಚೌಕಟ್ಟು, ಪಕ್ಕದಲ್ಲೇ ದೊಡ್ಡ ಬಾರ್ನ್ (ಬೆಳೆ ಕೂಡಿಡುವ ಕಟ್ಟಡ). ಕಂಬಗಳಲ್ಲಿ ಅಲ್ಲಲ್ಲಿ ಖಾಲಿ ಗುಳಿಗಳಿವೆ. ಹಡಗು ಒಡೆದು ತಂದ ಮರ ಅಂತ ಊರವರು ಹೇಳುತ್ತಾರೆ. ಅಟ್ಟ ಹತ್ತಿ ನೋಡಿದರೆ ಮಾಡಿನ ಮರವೆಲ್ಲ ಕಪ್ಪು. ಬೆಂಕಿ ಬಿದ್ದಿತ್ತಾ?

ಉತ್ತರ (ಹಳೆಯ ಕಟ್ಟಡಗಳ ಮರಗೆಲಸದವನು, ಸಸೆಕ್ಸ್)
ಹಡಗಿನ ಕಥೆ ಇಲ್ಲಿ ಊರೂರಲ್ಲೂ ಇದೆ, ಸುಮ್ನೆ ನಂಬಬೇಡಿ. ಆ ಗುಳಿಯಲ್ಲಿ ಹಿಂದೆ ಇನ್ನೊಂದು ಮರ ಕೂತಿತ್ತು, ಆಮೇಲೆ ತೆಗೆದಿದ್ದಾರೆ. ಇಲ್ಲವೇ ಬೇರೆ ಮನೆಯ ಕಂಬವನ್ನೇ ಮತ್ತೆ ಬಳಸಿದ್ದಾರೆ. ಒಳ್ಳೆಯ ಮರವನ್ನು ಯಾರೂ ಬಿಸಾಕುತ್ತಿರಲಿಲ್ಲ.

ಅಟ್ಟದ ವಿಷಯ ಓದಿ ನನಗೆ ತುಂಬಾ ಖುಷಿಯಾಯಿತು. ಸುಟ್ಟ ಮರ ಇದ್ದಿಲಾಗಿ ಬಿರುಕು ಬಿಟ್ಟಿರುತ್ತದೆ. ಮಸಿ ಎಲ್ಲ ಕಡೆ ಒಂದೇ ಸಮ ಹತ್ತಿದ್ದರೆ ಅದು ಹೊಗೆ. 15ನೇ ಶತಮಾನದಲ್ಲಿ ಈ ಕಡೆಯ ಮನೆಗಳ ನಡುವೆ ಮಾಡಿನವರೆಗೂ ತೆರೆದ ಹಾಲ್ ಇರುತ್ತಿತ್ತು. ನೆಲದ ಮೇಲೇ ಬೆಂಕಿ, ಚಿಮಣಿ ಇಲ್ಲ. 16ನೇ ಶತಮಾನದಲ್ಲಿ ಚಿಮಣಿ ಬಂದ ಮೇಲೆ ಹಾಲ್‌ಗೆ ಅಡ್ಡಲಾಗಿ ಮಹಡಿ ಹಾಕಿದರು. ನೀವು ಈಗ ಮಲಗುವ ಕೋಣೆ ಹೀಗೇ ಆಮೇಲೆ ಸೇರಿದ್ದಿರಬಹುದು.

ಬೇಲೀಫ್ ಅನ್ನುವ ಇಂಥದ್ದೇ ಹಳೆಯ ಮನೆ ನೋಡಿ ಬನ್ನಿ. ಅದು ಕೆಂಟ್‌ನ ಚಿಡಿಂಗ್‌ಸ್ಟೋನ್‌ನಲ್ಲಿತ್ತು. ಜಲಾಶಯ ಕಟ್ಟುವಾಗ ಬಿಚ್ಚಿ, ಸಸೆಕ್ಸ್‌ನ ಸಿಂಗಲ್ಟನ್ ಮ್ಯೂಸಿಯಂನಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಈ ಮನೆಗಳನ್ನು ಹಾಗೆ ಬಿಚ್ಚಬಹುದು, ಏಕೆಂದರೆ ಮರಕ್ಕೆ ಮರ ಸೇರುವ ಕೂಡುಗಳನ್ನು ಹಿಡಿದಿರುವುದು ಮರದ ಗೂಟಗಳು. ಬಡಗಿಗಳು ಮೊದಲು ಚೌಕಟ್ಟನ್ನು ನೆಲದ ಮೇಲೆ ಜೋಡಿಸಿ, ಪ್ರತಿ ಕೂಡಿಗೂ ರೋಮನ್ ಅಂಕಿಯಂಥ ಗುರುತು ಕೊರೆಯುತ್ತಿದ್ದರು. ಸಂಜೆ ಟಾರ್ಚನ್ನು ಪಕ್ಕದಿಂದ ಹಿಡಿದು ಹುಡುಕಿ.

ಉತ್ತರ (ಲಂಡನ್)
ವಯಸ್ಸು ಗೊತ್ತಾಗಬೇಕಾದರೆ ಮರದ ಉಂಗುರ ಎಣಿಸುವವರನ್ನು ಕರೆಸಿ, ಮಾಲೀಕರ ಒಪ್ಪಿಗೆ ಪಡೆದು. ತೊಗಟೆಯ ಅಂಚು ಉಳಿದಿರುವ ಕಂಬ ಸಿಕ್ಕರೆ ಕಡಿದ ವರ್ಷವೇ ತಿಳಿಯುತ್ತದೆ. ಓಕನ್ನು ಹಸಿಯಾಗಿದ್ದಾಗಲೇ ಬಳಸುತ್ತಿದ್ದರಿಂದ ಕಟ್ಟಿದ್ದೂ ಹೆಚ್ಚುಕಡಿಮೆ ಆಗಲೇ. ಹೀಥ್ರೂ ವಿಮಾನ ನಿಲ್ದಾಣದ ಪಕ್ಕದ ಹಾರ್ಮಂಡ್ಸ್‌ವರ್ತ್ ಬಾರ್ನ್ 1426-27ರದು, ಸುಮಾರು 58 ಮೀಟರ್ ಉದ್ದ. ಇವತ್ತಿಗೂ ನಿಂತಿದೆ!

ಪ್ರಶ್ನೆ ಕೇಳಿದವರು
ಇಬ್ಬರಿಗೂ ಥ್ಯಾಂಕ್ಸ್. ಗುರುತು ಸಿಕ್ಕಿತು ಸರ್, ಆದರೆ ನಾಲ್ಕಕ್ಕೆ IV ಬದಲು ನಾಲ್ಕು ಗೀಟು (IIII) ಇದೆ. ಇನ್ನೊಂದು, ಬಾರ್ನ್‌ಗೆ ಎದುರುಬದುರು ಅಷ್ಟು ದೊಡ್ಡ ಬಾಗಿಲು ಯಾಕೆ?

ಉತ್ತರ (ಸಸೆಕ್ಸ್)
ಬಡಗಿಗಳು ನಾಲ್ಕನ್ನು ಹಾಗೇ ಬರೆಯುತ್ತಿದ್ದರು. ತಲೆಕೆಳಗಾದರೂ ಆರರ (VI) ಜೊತೆ ಗೊಂದಲವಾಗುವುದಿಲ್ಲ. ಇನ್ನು ಬಾರ್ನ್‌ನ ಬಾಗಿಲ ನಡುವಿನ ಜಾಗ ರೈತರ ಕಣ. ಚಳಿಗಾಲದಲ್ಲಿ ಒಳಗೇ ತೆನೆ ಬಡಿದು, ಎರಡೂ ಬಾಗಿಲು ತೆಗೆದು ಬೀಸುವ ಗಾಳಿಗೆ ತೂರುತ್ತಿದ್ದರು. ಗುರುತಿನ ಫೋಟೋ ಹಾಕಿ, ಯಾವ ಗೋಡೆಯದು ಅಂತಲೂ ಬರೆಯಿರಿ.