ತಮ್ಮನ ನಾಲ್ಕು ಬೆರಳು ಹೋಗಿವೆ: ಕಾನೂನಿನಂತೆ ಬರಬೇಕಾದ ಪರಿಹಾರ ಎಷ್ಟು?

ಪ್ರಶ್ನೆ

ಬೆಂಗಳೂರಿನ ಸಣ್ಣ ಕಾರ್ಖಾನೆಯೊಂದರಲ್ಲಿ ಗುತ್ತಿಗೆದಾರರ ಮೂಲಕ ಪವರ್ ಪ್ರೆಸ್ (ಲೋಹವನ್ನು ಅಚ್ಚಿನಲ್ಲಿ ಒತ್ತುವ ಯಂತ್ರ) ನಡೆಸುತ್ತಿದ್ದ ನನ್ನ ತಮ್ಮನ ಬಲಗೈಯ ನಾಲ್ಕು ಬೆರಳುಗಳು 2025ರ ಮಾರ್ಚ್‌ನಲ್ಲಿ ಅದರ ಅಚ್ಚಿಗೆ (ಡೈ) ಸಿಕ್ಕಿ ತುಂಡಾದವು. ಆಗ ಅವನಿಗೆ 30 ವರ್ಷ. ವೇತನ ತಿಂಗಳಿಗೆ 22,000 ರೂಪಾಯಿ. 21,000ದ ಮಿತಿ ದಾಟಿದ್ದರಿಂದ ಇಎಸ್‌ಐ ಇರಲಿಲ್ಲ. ಆಸ್ಪತ್ರೆಯಿಂದ ಬಂದ ವಾರದಲ್ಲೇ 60,000 ರೂಪಾಯಿ ಕೊಟ್ಟು, ‘ಇನ್ನು ಯಾವ ಬಾಕಿಯೂ ಇಲ್ಲ’ ಎಂದು ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡಿದ್ದಾರೆ. ಕಾರ್ಖಾನೆಯವರು ಗುತ್ತಿಗೆದಾರರನ್ನು ಕೇಳಿ ಎನ್ನುತ್ತಾರೆ, ಗುತ್ತಿಗೆದಾರರು ಫೋನ್ ಎತ್ತುವುದಿಲ್ಲ. ಸಹಿ ಹಾಕಿದ ಮೇಲೆ ದಾರಿ ಮುಚ್ಚಿಹೋಯಿತೇ?

ಉತ್ತರ 1 (ವಕೀಲರು)

ಮುಚ್ಚಿಲ್ಲ. ಹಳೆಯ ಪರಿಹಾರ ಕಾಯ್ದೆಯ ಬದಲಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು; ಅಪಘಾತ ಅದಕ್ಕಿಂತ ಮೊದಲಿನದಾದ್ದರಿಂದ 1923ರ ನೌಕರರ ಪರಿಹಾರ ಕಾಯ್ದೆಯನ್ನೇ ಆಧರಿಸಬೇಕು. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಅದರ 17ನೇ ಕಲಮಿನಂತೆ ಅನೂರ್ಜಿತ. ರಾಜಿಯಾದರೂ ಅದು ಈ ಕಾಯ್ದೆಯಡಿ ಪರಿಹಾರ ತೀರ್ಮಾನಿಸುವ ಆಯುಕ್ತರ ಬಳಿ ನೋಂದಣಿಯಾಗಬೇಕಿತ್ತು. ಹಾಗೆ ಕಳುಹಿಸದಿದ್ದರೆ ಕೊಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಆಯುಕ್ತರ ಅಪ್ಪಣೆಯಿಲ್ಲದೆ ಒಟ್ಟು ಪರಿಹಾರದಿಂದ ಕಳೆಯುವಂತಿಲ್ಲ. ಗುತ್ತಿಗೆದಾರರ ನೆಪವೂ ನಡೆಯದು, 12ನೇ ಕಲಮಿನಂತೆ ಕೆಲಸ ಮಾಡಿಸಿಕೊಂಡ ಕಾರ್ಖಾನೆಯೇ ಹೊಣೆ.

ಲೆಕ್ಕ ಹೀಗೆ: ವೇತನದ 60%, ಅದನ್ನು 30ನೇ ವಯಸ್ಸಿನ ಗುಣಕವಾದ 207.98ರಿಂದ ಗುಣಿಸಿ, ನಾಲ್ಕು ಬೆರಳುಗಳ ನಷ್ಟಕ್ಕೆ ಕಾಯ್ದೆಯ ಅನುಸೂಚಿ (ಗಾಯಗಳ ಪಟ್ಟಿ) ಹೇಳುವ 50% ತೆಗೆದುಕೊಳ್ಳಬೇಕು. ವೇತನ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದು 15,000 ಮಾತ್ರ. ಹೀಗಾಗಿ 9,35,910 ರೂಪಾಯಿ. ಚಿಕಿತ್ಸೆಯ ವಾಸ್ತವ ವೆಚ್ಚ ಬೇರೆ, ತಡವಾದುದಕ್ಕೆ 12% ಬಡ್ಡಿ ಬೇರೆ. ಸಕಾರಣವಿಲ್ಲದ ವಿಳಂಬಕ್ಕೆ 50%ವರೆಗೆ ದಂಡವನ್ನೂ ಹಾಕಬಹುದು. ಅಪಘಾತದ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಹಾಕಿರಿ.

ಬೆರಳುಗಳ ನಷ್ಟಕ್ಕೆ ಅನುಸೂಚಿ ಹೇಳುವ 50% ಕೊನೆಯ ಮಾತೂ ಅಲ್ಲ. ಎಡಗೈ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣದಲ್ಲಿ, ಒಂದೇ ಕೈಯಿಂದ ಬಡಗಿ ಕೆಲಸ ಮಾಡಲಾಗದು ಎಂಬ ಕಾರಣಕ್ಕೆ ಅದನ್ನು ಪೂರ್ಣ ಅಸಾಮರ್ಥ್ಯವೆಂದು ಎಣಿಸಿದ್ದನ್ನು 1975ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ತಮ್ಮನವರು ಮತ್ತೆ ಪ್ರೆಸ್ ನಡೆಸಲಾರರು ಎಂಬುದಕ್ಕೆ ವೈದ್ಯರ ಸಾಕ್ಷ್ಯ ಗಟ್ಟಿಯಾಗಿರಲಿ.

ಉತ್ತರ 2 (ಕಾರ್ಮಿಕ ಸಂಘದಲ್ಲಿರುವವರು)

ಅದೇ ಲೆಕ್ಕವನ್ನು ನಿಜವಾದ 22,000ಕ್ಕೆ ಮಾಡಿದರೆ 13,72,668 ರೂಪಾಯಿ ಬರುತ್ತದೆ. ನಡುವಿನ ನಾಲ್ಕೂಕಾಲು ಲಕ್ಷಕ್ಕೂ ಮೀರಿದ ಹಣವನ್ನು ಕಳೆದದ್ದು ಮಾಲೀಕರಲ್ಲ, ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿ. 2010ರಲ್ಲಿ 8,000 ಆಗಿದ್ದ ಅದು 15,000 ಆದದ್ದು 2020ರ ಜನವರಿಯಲ್ಲಿ. ತುಟ್ಟಿಭತ್ಯೆ ಬೆಲೆಯೊಂದಿಗೆ ಏರುವಂತೆ ಈ ಮಿತಿಯೂ ತಾನಾಗಿ ಏರಬೇಕು, ಅಧಿಸೂಚನೆಗಾಗಿ ಹತ್ತು ವರ್ಷ ಕಾಯಿಸಬಾರದು.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕಾಯುವ ದಿನಗಳ ಸಂಕಟ. ಮಾಲೀಕರು ತಾವು ಒಪ್ಪಿದಷ್ಟು ಹಣವನ್ನು ಮೊದಲೇ ಕಟ್ಟಬೇಕು ಎಂದು 4ಎ ಕಲಮು ಹೇಳುತ್ತದೆ, ಆದರೆ ಏನನ್ನೂ ಒಪ್ಪದವರು ಏನನ್ನೂ ಕಟ್ಟಬೇಕಿಲ್ಲ! ಅನುಸೂಚಿಯಲ್ಲೇ ಪ್ರತಿಶತ ನಿಗದಿಯಾಗಿರುವ ಗಾಯಕ್ಕಾದರೂ, ಅಪಘಾತ ಕೆಲಸದ ವೇಳೆ ಆಯಿತೆಂದು ಮೇಲ್ನೋಟಕ್ಕೆ ಕಂಡರೆ, ಅರ್ಧದಷ್ಟನ್ನು ಮಧ್ಯಂತರವಾಗಿ ಕೊಡಿಸುವ ಸ್ಪಷ್ಟ ಅಧಿಕಾರ ಆಯುಕ್ತರಿಗೆ ಇರಬೇಕು. ಹಸಿದ ಮನೆಯವರು ಬೇಗ ರಾಜಿಯಾಗುತ್ತಾರೆ ಎಂಬುದು ಛಾಪಾ ಕಾಗದ ತರುವವರಿಗೆ ಚೆನ್ನಾಗಿ ಗೊತ್ತು.

ಉತ್ತರ 3 (ಸಣ್ಣ ಘಟಕದ ಮಾಲೀಕರು)

ನನ್ನ ಘಟಕದಲ್ಲಿ ಎಂಟು ಜನರಿದ್ದಾರೆ. ಒಮ್ಮೆಗೆ ಒಂಬತ್ತು ಲಕ್ಷ ಕಟ್ಟಬೇಕಾಗಿ ಬಂದರೆ ನಾನು ಬಾಗಿಲು ಹಾಕಬೇಕು, ಆಗ ತೀರ್ಪು ಕೈಯಲ್ಲಿದ್ದರೂ ಕಾರ್ಮಿಕನಿಗೆ ಹಣ ಸಿಗದು. ಯಂತ್ರಕ್ಕೆ ಸಾಲ ಕೊಡುವಾಗ ಬ್ಯಾಂಕಿನವರು ಯಂತ್ರದ ವಿಮೆ ಕೇಳಿದರು, ಅದನ್ನು ನಡೆಸುವವರ ವಿಮೆಯನ್ನು ಯಾರೂ ಕೇಳಲಿಲ್ಲ. 1923ರ ಕಾಯ್ದೆಯೂ ವಿಮೆಯನ್ನು ಕಡ್ಡಾಯ ಮಾಡಿರಲಿಲ್ಲ. ನಾನು ಪಾಲಿಸಿ ಮಾಡಿಸಿರುವುದು ಪಕ್ಕದ ಶೆಡ್ಡಿನಲ್ಲಿ ಇಂಥದ್ದೇ ಅಪಘಾತ ಕಂಡ ಮೇಲೆ. ಸುಧಾರಣೆ ವಿಮೆಯಿಂದಲೇ ಶುರುವಾಗಲಿ. ಪ್ರಶ್ನೆ ಕೇಳಿದವರು ಆ ಕಾರ್ಖಾನೆಗೆ ಪಾಲಿಸಿ ಇದೆಯೇ ಎಂದು ಮೊದಲು ವಿಚಾರಿಸಿ, ಇದ್ದರೆ ವಿಮಾ ಕಂಪನಿಯನ್ನೂ ಅರ್ಜಿಯಲ್ಲಿ ಪ್ರತಿವಾದಿಯಾಗಿ ಸೇರಿಸಲಿ.